ಒಂದೇ ಎಂಜಿನ್‌ಗೆ ಮೂರು ಪವರ್ ಬರ್ತಿದೆ: ಕಾರ್ಡ್, ಇಂಧನ, ಶಾಫ್ಟ್ – ಯಾವುದನ್ನು ಹಿಡಿಯಬೇಕು?

ಸೋಮವಾರಪೇಟೆ ಟ್ರೇನಿ:

ಹಡಗಿನ ಎಂಜಿನ್ ರೂಮಲ್ಲಿರುವ ಕೊಡಗಿನವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೆ ಇಲ್ಲೇ ಕೇಳ್ತಿದ್ದೇನೆ. ಕ್ಲಾಸ್ ಫೋರ್ (ಹಡಗಿನ ಎಂಜಿನಿಯರ್ ಪರೀಕ್ಷೆ) ಓರಲ್‌ಗೆ ಓದುವಾಗ ಅಭ್ಯಾಸಕ್ಕೆ ಕೊಟ್ಟ ಲೆಕ್ಕ ಇದು. ಟೂ-ಸ್ಟ್ರೋಕ್ ಕ್ರಾಸ್‌ಹೆಡ್ ಎಂಜಿನ್, ಆರು ಸಿಲಿಂಡರ್, ಬೋರ್ 500 ಮಿ.ಮೀ., ಸ್ಟ್ರೋಕ್ 2000 ಮಿ.ಮೀ. ನೇಮ್‌ಪ್ಲೇಟ್‌ನಲ್ಲಿ 127 ಆರ್‌ಪಿಎಂಗೆ 9,480 ಕಿಲೋವ್ಯಾಟ್. ಓಡ್ತಿರೋದು 120 ಆರ್‌ಪಿಎಂನಲ್ಲಿ.

ಇಂಡಿಕೇಟರ್ ಕಾರ್ಡ್ (ಸಿಲಿಂಡರ್ ಒಳಗಿನ ಒತ್ತಡದ ಗೆರೆ ಬರೆದ ಚೀಟಿ): ಆರೂ ಯೂನಿಟ್‌ಗಳ, ಅಂದರೆ ಸಿಲಿಂಡರ್‌ಗಳ, ಸರಾಸರಿ ವಿಸ್ತೀರ್ಣ 378 ಚದರ ಮಿ.ಮೀ., ಉದ್ದ 70 ಮಿ.ಮೀ., ಸ್ಪ್ರಿಂಗ್ ಬಾರ್‌ಗೆ 0.3 ಮಿ.ಮೀ. (ಒಂದು ಬಾರ್ ಒತ್ತಡಕ್ಕೆ ಗೆರೆ ಏರುವ ಎತ್ತರ).
ಇಂಧನ: ಫ್ಲೋಮೀಟರ್ ಗಂಟೆಗೆ 1.55 ಘನ ಮೀಟರ್, ಬಂಕರ್ ನೋಟ್‌ನಲ್ಲಿ (ಎಣ್ಣೆ ತುಂಬಿಸಿದಾಗ ಕೊಡುವ ಚೀಟಿ) ಸಾಂದ್ರತೆ ಘನ ಮೀಟರ್‌ಗೆ 985 ಕಿಲೋ, ಶಾಪ್ ಟೆಸ್ಟ್‌ನಲ್ಲಿ (ಎಂಜಿನ್ ಹೊಸದಿದ್ದಾಗ ಕಾರ್ಖಾನೆಯಲ್ಲಿ ಮಾಡಿದ ಪರೀಕ್ಷೆ) ಈ ಲೋಡ್‌ಗೆ ಕಿಲೋವ್ಯಾಟ್-ಗಂಟೆಗೆ 172 ಗ್ರಾಂ.
ಟಾರ್ಷನ್ ಮೀಟರ್ (ಶಾಫ್ಟ್ ಎಷ್ಟು ತಿರುಚಿಕೊಳ್ತಿದೆ ಅಂತ ಅಳೆಯೋದು): 631 ಕಿಲೋನ್ಯೂಟನ್-ಮೀಟರ್.

ಕಾರ್ಡ್‌ನಿಂದ 8,482 ಬಂತು. ಇಂಧನದಿಂದ 8,876. ಟಾರ್ಷನ್ ಮೀಟರ್‌ನಿಂದ 7,929. ಹೆಚ್ಚು ಕಡಿಮೆ ಸಾವಿರ ಕಿಲೋವ್ಯಾಟ್ ವ್ಯತ್ಯಾಸ. ಓರಲ್ ತೆಗೆದುಕೊಳ್ಳುವ ಸರ್ವೇಯರ್ "ಎಂಜಿನ್ ಪವರ್ ಎಷ್ಟು" ಅಂದರೆ ಇದರಲ್ಲಿ ಯಾವುದು ಹೇಳಬೇಕು?

ವಿರಾಜಪೇಟೆ ಸೆಕೆಂಡ್:

ತಮ್ಮಾ, ಮೊದಲನೆಯದೂ ಮೂರನೆಯದೂ ಸರಿಯಾಗಿಯೇ ಇವೆ. ಅವೆರಡು ಬೇರೆ ಬೇರೆ ಜಾಗದಲ್ಲಿ ಅಳೆದ ಪವರ್, ಒಂದೇ ಬರಲೇಬಾರದು. ಇಂಧನದ ಲೆಕ್ಕ ಮಾತ್ರ ಅರ್ಧಕ್ಕೆ ನಿಂತಿದೆ, ಅದನ್ನು ಆಮೇಲೆ ನೋಡೋಣ. ಸರ್ವೇಯರ್ ಕೇಳಿದರೆ ಸಂಖ್ಯೆಗಿಂತ ಮೊದಲು "ಎಲ್ಲಿಯ ಪವರ್" ಅನ್ನೋದನ್ನು ಹೇಳು. ಪಿಸ್ಟನ್ ಮೇಲೆ ಗ್ಯಾಸ್ ಮಾಡುವ ಕೆಲಸ ಇಂಡಿಕೇಟೆಡ್ ಪವರ್. ಘರ್ಷಣೆ ಕಳೆದು ಫ್ಲೈವೀಲ್‌ಗೆ ಸಿಗೋದು ಬ್ರೇಕ್ ಪವರ್, ನೇಮ್‌ಪ್ಲೇಟ್‌ನ 9,480 ಈ ಜಾತಿಯದು. ಥ್ರಸ್ಟ್ ಬ್ಲಾಕ್ ದಾಟಿದ ಮೇಲೆ ಅಳೆದರೆ ಶಾಫ್ಟ್ ಪವರ್.

ಕಾರ್ಡ್ ಲೆಕ್ಕವನ್ನು ಹಂತ ಬಿಡದೆ ಬರೀತೀನಿ, ಓರಲ್‌ನಲ್ಲಿ ಹಂತಗಳನ್ನೇ ಕೇಳೋದು.

378 ಭಾಗಿಸು 70 = 5.4 ಮಿ.ಮೀ., ಇದು ಕಾರ್ಡ್‌ನ ಸರಾಸರಿ ಎತ್ತರ. 5.4 ಭಾಗಿಸು 0.3 = 18 ಬಾರ್. ಮೀನ್ ಇಂಡಿಕೇಟೆಡ್ ಪ್ರೆಶರ್ ಅಂದರೆ ಇದೇ. ಇದನ್ನು ಪಿಸ್ಟನ್ ವಿಸ್ತೀರ್ಣ, ಸ್ಟ್ರೋಕ್, ಸೆಕೆಂಡಿಗೆ ಎಷ್ಟು ಪವರ್ ಸ್ಟ್ರೋಕ್ ಅನ್ನೋದರಿಂದ ಗುಣಿಸಬೇಕು. ಪ್ರತಿ ಸಲ ಇಷ್ಟೆಲ್ಲ ಬರೆಯುವ ಬದಲು ಸಿಲಿಂಡರ್ ಕಾನ್ಸ್ಟಂಟ್ ಮಾಡಿಟ್ಟುಕೊಳ್ಳೋದು ರೂಢಿ. ಟೂ-ಸ್ಟ್ರೋಕ್‌ಗೆ: 1.309 × ಬೋರ್‌ನ ವರ್ಗ × ಸ್ಟ್ರೋಕ್, ಎರಡೂ ಮೀಟರ್‌ನಲ್ಲಿ. ಇಲ್ಲಿ 1.309 × 0.25 × 2 = 0.6545. ಒತ್ತಡ ಬಾರ್‌ನಲ್ಲಿ, ವೇಗ ಆರ್‌ಪಿಎಂನಲ್ಲಿ ಹಾಕಿದರೆ ಉತ್ತರ ನೇರ ಕಿಲೋವ್ಯಾಟ್. 0.6545 × 18 × 120 = 1,413.7, ಆರು ಸಿಲಿಂಡರ್‌ಗೆ 8,482. ಫೋರ್-ಸ್ಟ್ರೋಕ್ ಆದರೆ ಎರಡು ಸುತ್ತಿಗೆ ಒಂದೇ ಪವರ್ ಸ್ಟ್ರೋಕ್, ಕಾನ್ಸ್ಟಂಟ್ ಅರ್ಧ.

ಈಗ ಇದರಿಂದ ಬ್ರೇಕ್ ಪವರ್. ದೊಡ್ಡ ಕ್ರಾಸ್‌ಹೆಡ್ ಎಂಜಿನ್‌ಗಳಲ್ಲಿ ಘರ್ಷಣೆಯ ನಷ್ಟವನ್ನು ಸುಮಾರು 1 ಬಾರ್ ಸರಾಸರಿ ಒತ್ತಡ ಅಂತ ಹಿಡೀತಾರೆ. 18ರಲ್ಲಿ 1 ಕಳೆದರೆ 17. 0.6545 × 17 × 120 × 6 = 8,011 ಕಿಲೋವ್ಯಾಟ್. ಟಾರ್ಷನ್ ಮೀಟರ್ ಹೇಳ್ತಿರೋದು 7,929. ಮಧ್ಯದ ಶೇಕಡ 1 ಥ್ರಸ್ಟ್ ಬೇರಿಂಗ್ ಮತ್ತು ಶಾಫ್ಟ್ ಬೇರಿಂಗ್‌ಗೆ ಹೋಯ್ತು. ಕೂಡಿ ಬರ್ತಿದೆಯಲ್ಲ?

ಲೆಕ್ಕ ಸುಲಭ, ಕಾರ್ಡ್ ತೆಗೆಯೋದೇ ಕಷ್ಟ. ಎಡವೋದು ಇಂಥಲ್ಲಿ:

ಇಂಡಿಕೇಟರ್ ಕೂರಿಸುವ ಮೊದಲು ಕಾಕ್ ತೆರೆದು ಎರಡು ಮೂರು ಫೈರಿಂಗ್ ಊದಿಸಿ ಬಿಡಬೇಕು. ದಾರಿಯಲ್ಲಿ ಮಸಿ ಕಟ್ಟಿದ್ದರೆ ಒತ್ತಡ ತಡವಾಗಿ ಮುಟ್ಟುತ್ತೆ, ಕಾರ್ಡ್‌ನ ತುದಿ ಮೊಂಡಾಗುತ್ತೆ. ಕಾಕ್ ಮುಚ್ಚಿಟ್ಟು ಅಟ್ಮಾಸ್ಫೆರಿಕ್ ಲೈನ್ (ಹೊರಗಿನ ಗಾಳಿಯ ಒತ್ತಡದ ಗೆರೆ) ಎಳೆಯೋದನ್ನು ಮರೀಬೇಡ. ಕಾರ್ಡ್ ಸುತ್ತಿದ ಡ್ರಮ್ಮನ್ನು ತಿರುಗಿಸುವ ದಾರ ಉದ್ದ ಹೆಚ್ಚಾದರೆ ಡ್ರಮ್ ಒಂದು ಕೊನೆಯಲ್ಲಿ ನಿಂತುಬಿಡುತ್ತೆ, ಕಾರ್ಡ್‌ನ ಆ ಬದಿ ಕತ್ತರಿಸಿದ ಹಾಗೆ ನೆಟ್ಟಗೆ ಕಾಣುತ್ತೆ. ಇಂಡಿಕೇಟರ್ ಪಿಸ್ಟನ್ ಹಿಡಿದುಕೊಳ್ತಿದ್ದರೆ ಎಕ್ಸ್‌ಪಾನ್ಷನ್ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ. ಅಂಥ ಕಾರ್ಡನ್ನು ಪ್ಲಾನಿಮೀಟರ್‌ನಿಂದ (ವಿಸ್ತೀರ್ಣ ಅಳೆಯುವ ಉಪಕರಣ) ಎಷ್ಟು ನಾಜೂಕಾಗಿ ಅಳೆದರೂ ವ್ಯರ್ಥ.

ಎಲ್ಲಕ್ಕಿಂತ ದೊಡ್ಡ ತಪ್ಪು ಟಿಡಿಸಿ (ಪಿಸ್ಟನ್ ತುತ್ತತುದಿಗೆ ಏರುವ ಬಿಂದು) ಜಾಗದ್ದು. ಡ್ರಮ್ ತಿರುಗಿಸುವ ಡ್ರೈವ್ ಒಂದು ಡಿಗ್ರಿ ಆಚೀಚೆ ಆದರೂ ಇಂಡಿಕೇಟೆಡ್ ಪವರ್ ಶೇಕಡ 5ರಿಂದ 10ರವರೆಗೆ ಹೆಚ್ಚು ಕಡಿಮೆ ತೋರಿಸಬಹುದು. ಪರೀಕ್ಷೆ ಹೀಗೆ: ಆ ಒಂದು ಯೂನಿಟ್‌ನ ಇಂಧನ ಕಟ್ ಮಾಡಿ ಕಾರ್ಡ್ ತೆಗಿ. ಕಂಪ್ರೆಷನ್ ಗೆರೆ, ಎಕ್ಸ್‌ಪಾನ್ಷನ್ ಗೆರೆ ಬಹುತೇಕ ಒಂದರ ಮೇಲೊಂದು ಬರಬೇಕು. ನಡುವೆ ಕುಣಿಕೆ ತೆರೆದುಕೊಂಡರೆ ಡ್ರೈವ್ ಸರಿಪಡಿಸೋವರೆಗೆ ಆ ಯೂನಿಟ್‌ನ ಪವರ್ ಸಂಖ್ಯೆ ಬರೆಯಲೇಬೇಡ.

ಪ್ಲಾನಿಮೀಟರ್ ಇಲ್ಲದಿದ್ದರೆ ಕಾರ್ಡನ್ನು ಉದ್ದಕ್ಕೆ ಹತ್ತು ಸಮ ಭಾಗ ಮಾಡಿ ಪ್ರತಿ ಭಾಗದ ನಡುವಿನ ಎತ್ತರ ಅಳೆದು ಸರಾಸರಿ ತೆಗಿ. ಓರಲ್‌ನಲ್ಲಿ ಇದನ್ನೂ ಕೇಳ್ತಾರೆ.

ಗೋಣಿಕೊಪ್ಪ ಡೀಸೆಲ್:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 17 ಭಾಗಿಸು 18, ಅಂದರೆ ಮೆಕ್ಯಾನಿಕಲ್ ಎಫಿಶಿಯೆನ್ಸಿ ಶೇಕಡ 94.4 ಅಂತ ಬಾಯಿಪಾಠ ಮಾಡಿ ಎಲ್ಲ ಲೋಡ್‌ಗೂ ಅದನ್ನೇ ಹಾಕಬೇಡಿ. ಲೋಡ್ ಇಳಿದರೂ ಘರ್ಷಣೆ ಸುಮಾರು ಅದೇ 1 ಬಾರ್ ಹತ್ತಿರವೇ ಇರುತ್ತೆ. ಸ್ಲೋ ಸ್ಟೀಮಿಂಗ್‌ನಲ್ಲಿ (ಹಡಗನ್ನು ನಿಧಾನಕ್ಕೆ ಓಡಿಸುವಾಗ) ಇಂಡಿಕೇಟೆಡ್ ಒತ್ತಡ 10 ಬಾರ್ ಇದ್ದರೆ ಉಳಿಯೋದು 9, ಅಂದರೆ ಶೇಕಡ 90 ಅಷ್ಟೆ. ಶೇಕಡಾವಾರು ಬದಲು ಬಾರ್ ಕಳೆಯೋದು ಇದಕ್ಕೇ.

ಇಂಧನದ ಲೆಕ್ಕಕ್ಕೆ ಎರಡು ವಿಷಯ ಬೇಕು, ಪ್ರಶ್ನೆಯಲ್ಲಿ ಕೊಟ್ಟಿಲ್ಲ. ಒಂದು, ಫ್ಲೋಮೀಟರ್ ಹತ್ತಿರ ಎಣ್ಣೆಯ ಉಷ್ಣಾಂಶ. ಎರಡು, ಆ ಬಂಕರ್‌ನ ನೆಟ್ ಕ್ಯಾಲೊರಿಫಿಕ್ ವ್ಯಾಲ್ಯೂ, ಅಂದರೆ ಒಂದು ಕಿಲೋ ಉರಿದರೆ ಸಿಗುವ ಶಾಖ. ಇವೆರಡಿಲ್ಲದೆ ಆ 172ಕ್ಕೆ ಅರ್ಥವಿಲ್ಲ.

ಸೋಮವಾರಪೇಟೆ ಟ್ರೇನಿ:

ಅಣ್ಣ, ಲೆಕ್ಕದ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇದೆ: ಮೀಟರ್ ಹತ್ತಿರ 90 ಡಿಗ್ರಿ ಸೆಲ್ಸಿಯಸ್, ಕ್ಯಾಲೊರಿಫಿಕ್ ವ್ಯಾಲ್ಯೂ ಕಿಲೋಗೆ 40.5 ಮೆಗಾಜೂಲ್. ಇವು ಯಾಕೆ ಅಂತ ಗೊತ್ತಾಗಿರಲಿಲ್ಲ.

ಗೋಣಿಕೊಪ್ಪ ಡೀಸೆಲ್:

ಅವೇ ಉತ್ತರ. ಬಂಕರ್ ನೋಟ್‌ನ 985 ಅನ್ನೋದು 15 ಡಿಗ್ರಿಯಲ್ಲಿನ ಸಾಂದ್ರತೆ. 90 ಡಿಗ್ರಿಗೆ ಕಾದ ಎಣ್ಣೆ ಹಿಗ್ಗಿರುತ್ತೆ. ಹೆವಿ ಫ್ಯೂಯಲ್‌ಗೆ ಪ್ರತಿ ಡಿಗ್ರಿಗೆ 0.00064 ಕಳೆಯೋದು ಎಂಜಿನ್ ರೂಮಿನ ರೂಢಿ.

75 ಡಿಗ್ರಿ ವ್ಯತ್ಯಾಸ × 0.00064 = 0.048. ಅಂದರೆ 985 × 0.952 = 937.7.
1.55 × 937.7 = ಗಂಟೆಗೆ 1,453 ಕಿಲೋ.

ಶಾಪ್ ಟೆಸ್ಟ್‌ನ 172 ಗ್ರಾಂ ಅನ್ನು ಕಿಲೋಗೆ 42.7 ಮೆಗಾಜೂಲ್ ಇರುವ ಇಂಧನದ ಲೆಕ್ಕಕ್ಕೆ ತಂದು ಬರೆದಿರ್ತಾರೆ. ನಿಮ್ಮ ಹೆವಿ ಎಣ್ಣೆಯಲ್ಲಿ 40.5 ಮಾತ್ರ. ಹಾಗಾಗಿ 1,453 × 40.5 ಭಾಗಿಸು 42.7 = 1,378 ಕಿಲೋ. ಇದನ್ನು 0.172ರಿಂದ ಭಾಗಿಸಿ: ಸುಮಾರು 8,013 ಕಿಲೋವ್ಯಾಟ್. ಕಾರ್ಡ್‌ನಿಂದ ಬಂದ 8,011ರ ಪಕ್ಕಕ್ಕೇ ಬಂತು. (ಇಷ್ಟು ಹತ್ತಿರ ಬರೋದು ಪಠ್ಯದ ಲೆಕ್ಕದಲ್ಲಿ ಮಾತ್ರ. ಹಡಗಿನಲ್ಲಿ ಶೇಕಡ 2–3 ಒಳಗೆ ಬಂದರೆ ಖುಷಿಪಡಿ.)

ನಿಮ್ಮ 8,876ರಲ್ಲಿ ಉಷ್ಣಾಂಶ ಬಿಟ್ಟಿದ್ದಕ್ಕೆ ಶೇಕಡ 5, ಕ್ಯಾಲೊರಿಫಿಕ್ ವ್ಯಾಲ್ಯೂ ಬಿಟ್ಟಿದ್ದಕ್ಕೆ ಇನ್ನೂ ಶೇಕಡ 5 ಸೇರಿಕೊಂಡಿತ್ತು. ಎರಡೂ ಒಂದೇ ದಿಕ್ಕಿಗೆ ತಪ್ಪುವುದರಿಂದ ಒಂದನ್ನೊಂದು ಹೊಡೆದು ಹಾಕೋದಿಲ್ಲ, ಕೂಡಿಕೊಂಡೇ ಹೋಗ್ತವೆ.

ಇನ್ನು ಮೀಟರ್ ಎಲ್ಲಿದೆ ಅನ್ನೋದನ್ನು ಪೈಪ್‌ಲೈನ್ ಡ್ರಾಯಿಂಗ್ ಹಿಡಿದು ನೋಡಲೇಬೇಕು. ಸಪ್ಲೈ ಪಂಪ್‌ಗೂ ಮಿಕ್ಸಿಂಗ್ ಕಾಲಂಗೂ ನಡುವೆ ಇದ್ದರೆ ಎಂಜಿನ್‌ನಿಂದ ವಾಪಸ್ ಬರುವ ಎಣ್ಣೆ ಲೆಕ್ಕಕ್ಕೆ ಸೇರೋಲ್ಲ, ಒಳ್ಳೆಯದು. ಆದರೆ ಅದೇ ಲೈನ್‌ನಿಂದ ಜನರೇಟರ್ ಎಂಜಿನ್‌ಗಳೂ ಎಣ್ಣೆ ಎಳೀತಿದ್ದರೆ ಅದನ್ನು ಕಳೀಬೇಕು. ಫ್ಯೂಯಲ್ ಪಂಪ್‌ಗಳ ಲೀಕ್-ಆಫ್ (ಸೋರಿದ ಎಣ್ಣೆ) ಡ್ರೇನ್ ಟ್ಯಾಂಕ್‌ಗೆ ಹೋಗುತ್ತೆ, ಮೀಟರ್ ದಾಟಿದ್ದರೂ ಉರಿದಿರೋಲ್ಲ. ಸವೆದ ಪ್ಲಂಜರ್ ಇರುವ ಎಂಜಿನ್‌ನಲ್ಲಿ ಇದು ಕಡೆಗಣಿಸುವಷ್ಟು ಸಣ್ಣದಲ್ಲ. ಆಟೋಫಿಲ್ಟರ್‌ನ ಬ್ಯಾಕ್‌ಫ್ಲಶ್ ಮೀಟರ್ ಆದ ಮೇಲೆ ಇದ್ದರೆ ಅದೂ ಹಾಗೇ.

ಇಂಧನದಿಂದ ಪವರ್ ತೆಗೆಯುವುದರಲ್ಲಿ ಇನ್ನೊಂದು ಬಲೆ ಇದೆ: ಎಂಜಿನ್ ಹೊಸದಿದ್ದಾಗ ಇದ್ದ 172 ಇವತ್ತೂ ಇದೆ ಅಂತ ನಾವು ನಂಬಿಕೊಂಡಿರ್ತೀವಿ. ನಾಝಲ್ ಸವೆದು, ಟರ್ಬೊಚಾರ್ಜರ್ ಕೊಳೆಯಾಗಿ ಅದು 180 ಆಗಿದ್ದರೆ ಈ ಲೆಕ್ಕ ಇಲ್ಲದ ಪವರ್ ತೋರಿಸುತ್ತೆ. ಹಾಗಾಗಿ ನನ್ನ ಮಟ್ಟಿಗೆ ಇಂಧನದ ಲೆಕ್ಕವನ್ನು ತಿರುಗಿಸಿ ಬಳಸೋದೇ ಸರಿ. ಪವರನ್ನು ಕಾರ್ಡ್‌ನಿಂದಲೋ ಶಾಫ್ಟ್‌ನಿಂದಲೋ ತೆಗೆದು, ಅದರಿಂದ ಗ್ರಾಂ ಎಷ್ಟು ಅಂತ ಕಂಡುಹಿಡಿದು ಎಂಜಿನ್‌ನ ಆರೋಗ್ಯ ನೋಡಿ.

ಪೊನ್ನಂಪೇಟೆ:

ಟಾರ್ಷನ್ ಮೀಟರ್ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. 631 × 2 × 3.1416 × 120 ಭಾಗಿಸು 60 = 7,929, ಲೆಕ್ಕ ಸರಿ ಇದೆ. ಆದರೆ ಇದರ ಪ್ರಾಣ ಇರೋದು ಝೀರೋ ಸೆಟ್ಟಿಂಗ್‌ನಲ್ಲಿ. ಶಾಫ್ಟ್ ನಿಂತಾಗಲೂ ಬೇರಿಂಗ್ ಮತ್ತು ಸ್ಟರ್ನ್ ಟ್ಯೂಬ್ ಘರ್ಷಣೆಯಿಂದ ಸ್ವಲ್ಪ ತಿರುಚಿಕೊಂಡೇ ನಿಂತಿರುತ್ತೆ. ಅದನ್ನೇ ಸೊನ್ನೆ ಅಂತ ಹಿಡಿದರೆ ಪ್ರತಿ ಓದಿನಲ್ಲೂ ಅಷ್ಟು ತಪ್ಪು. ಟರ್ನಿಂಗ್ ಗೇರ್‌ನಲ್ಲಿ ಅಹೆಡ್ ತಿರುಗಿಸಿ ಒಂದು ಓದು, ಆಸ್ಟರ್ನ್ ತಿರುಗಿಸಿ ಒಂದು ಓದು, ಎರಡರ ನಡುವಿನದೇ ನಿಜವಾದ ಸೊನ್ನೆ.

ಟ್ರೇನಿಯವರು ಇನ್ನೊಂದು ತಾಳೆ ನೋಡಬಹುದಿತ್ತು, ಯಾವ ಉಪಕರಣವೂ ಬೇಡ. ಪ್ರೊಪೆಲರ್ ಲಾ: ಪವರ್ ಆರ್‌ಪಿಎಂನ ಘನಕ್ಕೆ ತಕ್ಕ ಹಾಗೆ. 120 ಭಾಗಿಸು 127 = 0.945, ಅದರ ಘನ 0.8436, 9,480ರಿಂದ ಗುಣಿಸಿದರೆ 7,997. ನಿಮ್ಮ 8,011ಕ್ಕೆ ಒಪ್ಪುತ್ತೆ.

ಒಪ್ಪಿತು ಅಂತ ಮಾತ್ರ ನಿಶ್ಚಿಂತೆಯಿಂದ ಇರಬೇಡಿ. ಹೊಸ ಹಡಗಿನ ಪ್ರೊಪೆಲರನ್ನು ಬೇಕಂತಲೇ ಹಗುರವಾಗಿ ಇಟ್ಟಿರ್ತಾರೆ. ಲೈಟ್ ರನ್ನಿಂಗ್ ಮಾರ್ಜಿನ್, ಅಂದರೆ ಅದೇ ಪವರ್‌ಗೆ ಆರ್‌ಪಿಎಂ ಎಷ್ಟು ಹೆಚ್ಚು ಓಡುತ್ತೆ ಅನ್ನೋದು, ಶೇಕಡ 5 ಇದ್ದರೆ, ಶುಭ್ರವಾದ ತಳ, ಶಾಂತ ಸಮುದ್ರದಲ್ಲಿ ಅದೇ 120 ಆರ್‌ಪಿಎಂಗೆ ಸುಮಾರು 6,900 ಕಿಲೋವ್ಯಾಟ್ ಸಾಕಾಗಬೇಕು. 8,000 ಹೋಗ್ತಿದೆ ಅಂದರೆ ತಳಕ್ಕೆ ಪಾಚಿ, ಚಿಪ್ಪು ಹತ್ತಿದೆ, ಇಲ್ಲವೇ ಎದುರು ಗಾಳಿ, ಇಲ್ಲವೇ ಆಳ ಕಡಿಮೆ ಇರುವ ನೀರು. ಪವರ್ ಲೆಕ್ಕ ಹಾಕುವ ದಿನ ಡ್ರಾಫ್ಟ್, ಗಾಳಿ, ನೀರಿನ ಆಳ ಬರೆದಿಟ್ಟುಕೊಳ್ಳದಿದ್ದರೆ ಮುಂದಿನ ತಿಂಗಳ ಸಂಖ್ಯೆಗೆ ಹೋಲಿಸೋಕೆ ಏನೂ ಇರೋಲ್ಲ. ರಡ್ಡರ್ ಹೆಚ್ಚು ಆಡ್ತಿರುವಾಗ ಕಾರ್ಡ್ ತೆಗೆಯೋದೂ ದಂಡ, ಯೂನಿಟ್ ಒಂದರಿಂದ ಆರಕ್ಕೆ ಬರುವಷ್ಟರಲ್ಲಿ ಲೋಡೇ ಬದಲಾಗಿರುತ್ತೆ.

ಸೋಮವಾರಪೇಟೆ ಟ್ರೇನಿ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಣ್ಣ ಪ್ರಶ್ನೆ ಉಳಿದಿದೆ. ಜನರೇಟರ್ ಎಂಜಿನ್ 900 ಆರ್‌ಪಿಎಂ, ಅದಕ್ಕೂ ಕಾರ್ಡ್ ತೆಗೀತಾರಾ? ಒಂದು ಯೂನಿಟ್‌ನ ಪವರ್ ಮಾತ್ರ ಕಡಿಮೆ ಬಂದರೆ ಕಾರಣ ಹೇಗೆ ಹಿಡಿಯೋದು?

ವಿರಾಜಪೇಟೆ ಸೆಕೆಂಡ್:

900ಕ್ಕೆ ಮೆಕ್ಯಾನಿಕಲ್ ಇಂಡಿಕೇಟರ್ ಹಾಕೋದಿಲ್ಲ. ಅಷ್ಟು ವೇಗಕ್ಕೆ ಅದರ ಚಲಿಸುವ ಭಾಗಗಳ ಜಡತ್ವವೇ ಗೆರೆ ಬರೆಯುತ್ತೆ, ಒತ್ತಡ ಅಲ್ಲ. ಅಲ್ಲಿ ಸ್ವಿಚ್‌ಬೋರ್ಡ್ ನೋಡು: 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್. 440 ವೋಲ್ಟ್, 600 ಆಂಪಿಯರ್, 0.8 ಇದ್ದರೆ 366 ಕಿಲೋವ್ಯಾಟ್. ಆಲ್ಟರ್ನೇಟರ್ ಎಫಿಶಿಯೆನ್ಸಿ 0.94 ಅಂದುಕೊಂಡರೆ ಎಂಜಿನ್ ಕೊಡ್ತಿರೋದು 389. ಯೂನಿಟ್‌ಗಳ ನಡುವಿನ ಸಮತೋಲನಕ್ಕೆ ಪೀಕ್ ಪ್ರೆಶರ್ ಗೇಜ್, ಇಂಧನದ ಪ್ರಮಾಣ ಹೊಂದಿಸುವ ರ‍್ಯಾಕ್, ಎಕ್ಸಾಸ್ಟ್ ಉಷ್ಣಾಂಶ ಮೂರೂ ಒಟ್ಟಿಗೆ ನೋಡಬೇಕು. ಎಕ್ಸಾಸ್ಟ್ ಉಷ್ಣಾಂಶ ಒಂದನ್ನೇ ಸಮ ಮಾಡಲು ರ‍್ಯಾಕ್ ತಿರುಚೋದು ಕೆಟ್ಟ ಅಭ್ಯಾಸ.

ಎರಡನೆಯದಕ್ಕೆ ಡ್ರಾ ಕಾರ್ಡ್ ಬೇಕು. ಡ್ರಮ್ಮನ್ನು ಕೈಯಲ್ಲಿ ಎಳೆದು, ಇಲ್ಲವೇ 90 ಡಿಗ್ರಿ ಫೇಸ್ ತಪ್ಪಿಸಿ ತೆಗೆದರೆ ಟಿಡಿಸಿ ಹತ್ತಿರದ ಭಾಗ ಬಿಚ್ಚಿಕೊಳ್ಳುತ್ತೆ, ಕಂಪ್ರೆಷನ್ ಒತ್ತಡ, ಗರಿಷ್ಠ ಒತ್ತಡ ಎರಡೂ ಬೇರೆ ಬೇರೆ ಓದೋಕೆ ಸಿಗುತ್ತೆ. ಎರಡೂ ಇಳಿದಿದ್ದರೆ ರಿಂಗ್, ಲೈನರ್, ಎಕ್ಸಾಸ್ಟ್ ವಾಲ್ವ್ ಸೋರಿಕೆ ಹುಡುಕು. (ಆರೂ ಯೂನಿಟ್‌ಗಳಲ್ಲಿ ಇಳಿದಿದ್ದರೆ ಸಿಲಿಂಡರ್‌ಗೆ ಹೋಗುವ ಸ್ಕ್ಯಾವೆಂಜ್ ಗಾಳಿಯ ಒತ್ತಡ ನೋಡು.) ಕಂಪ್ರೆಷನ್ ಸರಿ ಇದ್ದು ಗರಿಷ್ಠ ಮಾತ್ರ ಕಡಿಮೆ, ಎಕ್ಸಾಸ್ಟ್ ಹೆಚ್ಚು ಬಿಸಿ ಅಂದರೆ ಇಂಜೆಕ್ಷನ್ ತಡ. ಗರಿಷ್ಠವೂ ಕಡಿಮೆ, ಎಕ್ಸಾಸ್ಟೂ ತಣ್ಣಗೆ ಅಂದರೆ ಇಂಧನವೇ ಕಡಿಮೆ ಹೋಗ್ತಿದೆ: ಪಂಪ್‌ನ ಪ್ಲಂಜರ್, ಸಕ್ಷನ್ ವಾಲ್ವ್, ರ‍್ಯಾಕ್ ಸೆಟ್ಟಿಂಗ್.

ಎಲೆಕ್ಟ್ರಾನಿಕ್ ಸೆನ್ಸರ್ ಇದ್ದರೆ ಈ ಕಷ್ಟ ಇಲ್ಲ ಅಂದುಕೊಳ್ಳಬೇಡ. ಬಿಸಿಗೆ ಸೆನ್ಸರ್ ಡ್ರಿಫ್ಟ್ ಆಗುತ್ತೆ. ಫ್ಲೈವೀಲ್ ಹತ್ತಿರದ ಎನ್‌ಕೋಡರ್ ತೋರಿಸುವ ಟಿಡಿಸಿಗೂ ದೂರದ ಸಿಲಿಂಡರ್‌ನ ನಿಜವಾದ ಟಿಡಿಸಿಗೂ, ಲೋಡ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ತಿರುಚಿಕೊಳ್ಳುವುದರಿಂದ, ವ್ಯತ್ಯಾಸ ಬರುತ್ತೆ.

ಸುಂಟಿಕೊಪ್ಪ ತೋಟ:

ಹಡಗಿನವರ ಮಧ್ಯೆ ನುಗ್ಗಿದ್ದಕ್ಕೆ ಬೇಜಾರು ಮಾಡ್ಕೊಬೇಡಿ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಡೀಸೆಲ್ ಎಂಜಿನ್‌ಗೂ ಈ ಲೆಕ್ಕ ನಡೆಯುತ್ತಾ? 25 ಎಚ್‌ಪಿ ಅಂತ ಪ್ಲೇಟ್ ಮೇಲಿದೆ, ಟರ್ಬೊ ಇಲ್ಲ. ಲೋಡ್ ಬಿದ್ದರೆ ಕಪ್ಪು ಹೊಗೆ, ಆರ್‌ಪಿಎಂ 1500ರಿಂದ 1400ಕ್ಕೆ ಇಳಿಯುತ್ತೆ. ಕೊನೆಯ ಸ್ಪ್ರಿಂಕ್ಲರ್ ತಿರುಗೋದೇ ಇಲ್ಲ. ಪಂಪ್ ಕಂಪನಿಯ ಚಾರ್ಟ್ ಪ್ರಕಾರ 1500ರಲ್ಲಿ ಸೆಕೆಂಡಿಗೆ 12 ಲೀಟರ್, ಒಟ್ಟು ಹೆಡ್ 90 ಮೀಟರ್. ತೋಟ ಮಡಿಕೇರಿ ಎತ್ತರದಲ್ಲೇ ಇದೆ.

ಪೊನ್ನಂಪೇಟೆ:

ಧಾರಾಳವಾಗಿ ನಡೆಯುತ್ತೆ ಸರ್. ಸೆಂಟ್ರಿಫ್ಯೂಗಲ್ ಪಂಪ್‌ಗೂ ಪ್ರೊಪೆಲರ್‌ಗೂ ಒಂದೇ ಘನದ ನಿಯಮ.

ನೀರಿಗೆ ಬೇಕಾದ ಪವರ್: 9.81 × 12 × 90 ಭಾಗಿಸು 1000 = 10.6 ಕಿಲೋವ್ಯಾಟ್. ಪಂಪ್ ಎಫಿಶಿಯೆನ್ಸಿ 0.6 ಅಂದುಕೊಂಡರೆ ಶಾಫ್ಟ್‌ಗೆ 17.7 ಕಿಲೋವ್ಯಾಟ್. 0.7355ರಿಂದ ಭಾಗಿಸಿದರೆ 24 ಎಚ್‌ಪಿ. ಪ್ಲೇಟ್‌ನಲ್ಲಿ 25 ಇದೆ, ಸಾಕು ಅನಿಸುತ್ತೆ. ಆದರೆ ಆ 25 ಸಮುದ್ರಮಟ್ಟದ ಹತ್ತಿರದ ಗಾಳಿಗೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ 88 ಕಿಲೋಪಾಸ್ಕಲ್ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ ನೂರು ಮೀಟರ್‌ಗೆ ಸುಮಾರು ಶೇಕಡ 1 ಕಳ್ಕೊಳ್ಳುತ್ತೆ. ಶೇಕಡ 10 ತೆಗೆದರೆ ಉಳಿಯೋದು 22.5 ಎಚ್‌ಪಿ. ಬೇಕಾಗಿರೋದು 24. ಕಪ್ಪು ಹೊಗೆ ಅಲ್ಲಿಂದಲೇ: ಗವರ್ನರ್ ಎಣ್ಣೆ ಪೂರ್ತಿ ಬಿಡ್ತಿದೆ, ಅಷ್ಟು ಉರಿಸೋಕೆ ಗಾಳಿ ಇಲ್ಲ.

1400ಕ್ಕೆ ಇಳಿದರೆ ಪವರ್ ಬೇಡಿಕೆ ಶೇಕಡ 81ಕ್ಕೆ ಇಳಿಯುತ್ತೆ, ಅದಕ್ಕೇ ಎಂಜಿನ್ ಪೂರ್ತಿ ನಿಂತುಹೋಗದೆ ಅಲ್ಲಿ ಹಿಡಿದುಕೊಳ್ತಿದೆ. ಆದರೆ ಹೆಡ್ ಆರ್‌ಪಿಎಂನ ವರ್ಗಕ್ಕೆ ತಕ್ಕ ಹಾಗೆ, ಶೇಕಡ 87. 90 ಮೀಟರ್ ಇದ್ದದ್ದು 78 ಆಯ್ತು. ಕೊನೆಯ ಸ್ಪ್ರಿಂಕ್ಲರ್‌ಗೆ ತಿರುಗುವಷ್ಟು ಒತ್ತಡ ಎಲ್ಲಿಂದ ಬರಬೇಕು?

ಒಂದು ಅನುಮಾನ ಮಾತ್ರ ಇದೆ. 24 ಎಚ್‌ಪಿ ಬೇಡಿಕೆಗೆ 22.5 ಇದ್ದರೆ ಘನದ ನಿಯಮದಲ್ಲಿ ಆರ್‌ಪಿಎಂ 1470ರ ಹತ್ತಿರ ನಿಲ್ಲಬೇಕಿತ್ತು. 1400ಕ್ಕೆ ಇಳೀತಿದೆ ಅಂದರೆ ಎಂಜಿನ್ 20 ಎಚ್‌ಪಿಯನ್ನೂ ಕೊಡ್ತಿಲ್ಲ. ಎತ್ತರದ ಜೊತೆಗೆ ಬೇರೆ ಏನೋ ಸೇರಿಕೊಂಡಿದೆ. ಏರ್ ಫಿಲ್ಟರ್ ಮೊದಲು ತೆಗೆದು ನೋಡಿ, ಬೇಸಿಗೆಯಲ್ಲಿ ತೋಟದ ರಸ್ತೆ ಧೂಳಿಗೆ ಬೇಗ ಕಟ್ಟಿಕೊಳ್ಳುತ್ತೆ. ಆಮೇಲೆ ನಾಝಲ್ ಟೆಸ್ಟ್, ಟ್ಯಾಪೆಟ್ ಕ್ಲಿಯರೆನ್ಸ್, ಪಂಪ್‌ನ ಗ್ಲ್ಯಾಂಡ್ ಪ್ಯಾಕಿಂಗ್ ಅತಿ ಬಿಗಿಯಾಗಿದೆಯಾ ಅಂತ.

ಹೊಸ ಎಂಜಿನ್ ಹಾಕೋದೇ ಆದರೆ 30 ಎಚ್‌ಪಿ ಹಾಕಿ, ಎತ್ತರ ಕಳೆದು 27 ಉಳಿಯುತ್ತೆ, 24 ಅದರ ಶೇಕಡ 89. ದುಡ್ಡು ಹಾಕೋಕೆ ಮೊದಲು ಒಂದು ಲೈನ್‌ನಲ್ಲಿ ಎರಡು ಸ್ಪ್ರಿಂಕ್ಲರ್ ಮುಚ್ಚಿ ಓಡಿಸಿ ನೋಡಿ. ಸೆಂಟ್ರಿಫ್ಯೂಗಲ್ ಪಂಪ್‌ನಲ್ಲಿ ನೀರು ಕಡಿಮೆ ಮಾಡಿದರೆ ಪವರ್ ಬೇಡಿಕೆಯೂ ಇಳಿಯುತ್ತೆ. ಹೊಗೆ ತಿಳಿಯಾಗಿ 1500 ಹಿಡಿದರೆ ಈ ವರ್ಷ ಹಾಗೇ ಮುಗಿಸಬಹುದು. 12 ಲೀಟರ್ ಲೆಕ್ಕದಲ್ಲಿ ಒಂದು ಎಕರೆಗೆ ಒಂದು ಇಂಚು ನೀರು ಬೀಳೋಕೆ ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ, 10 ಲೀಟರ್‌ಗೆ ಇಳಿಸಿದರೆ ಎರಡು ಗಂಟೆ ಐವತ್ತು ನಿಮಿಷ.

ಸುಂಟಿಕೊಪ್ಪ ತೋಟ:

ಏರ್ ಫಿಲ್ಟರ್ ನಾಳೆ ಬಿಚ್ಚಿಸ್ತೀನಿ. ಸಕ್ಷನ್ ಬಗ್ಗೆ ಏನಾದರೂ ನೋಡಬೇಕಾ? ಕೆರೆ ನೀರು ದಿನಾ ಇಳೀತಿದೆ.

ಪೊನ್ನಂಪೇಟೆ:

ನೋಡಲೇಬೇಕು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 10.3 ಮೀಟರ್ ನೀರಿಗೆ ಸಮ, ಮಡಿಕೇರಿ ಎತ್ತರದಲ್ಲಿ 9 ಮಾತ್ರ. ಪಂಪ್ ಕಂಪನಿ ಬರೆದ ಸಕ್ಷನ್ ಲಿಫ್ಟ್‌ನಲ್ಲಿ ಹತ್ತಿರ ಹತ್ತಿರ ಒಂದೂಕಾಲು ಮೀಟರ್ ಕಳೆದುಕೊಳ್ಳಿ. ಪಂಪ್‌ನೊಳಗೆ ಜಲ್ಲಿ ಉರುಳಿದ ಹಾಗೆ ಸದ್ದು ಬಂದು, ಡೆಲಿವರಿ ಗೇಜ್ ಮುಳ್ಳು ಅಲ್ಲಾಡ್ತಿದ್ದರೆ ಎಂಜಿನ್ ಮುಟ್ಟಬೇಡಿ, ಪಂಪ್‌ಸೆಟ್ಟನ್ನೇ ನೀರಿನ ಹತ್ತಿರ ಇಳಿಸಿ. ಫುಟ್ ವಾಲ್ವ್ ಜಾಲರಿಗೆ ಎಲೆ ಕಟ್ಟಿದ್ದರೂ ಇದೇ ಸದ್ದು ಬರುತ್ತೆ, ಅದನ್ನು ಮೊದಲು ಎತ್ತಿ ನೋಡಿ.